ಸೋಲೋಕೂ ಒಂದು ಸಂಬಳ

ಟೆನಿಸ್ ಆಟಗಾರನನ್ನು ಕಟ್ಟಿಕೊಂಡವಳು ಸಿಟ್ಟಿಗೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ದಿನಾ ತಾನಾಗಿಯೇ ಮನೆಗೆ ಬರುತ್ತದೆ.

ನಮ್ಮ ಯಜಮಾನರು ಮೈಸೂರಿನ ಒಂದು ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದರು. ಅಂದರೆ ಸಂಬಳಕ್ಕೆ ಮೆಂಬರುಗಳ ಜೊತೆ ಟೆನಿಸ್ ಆಡುವ ಕೆಲಸ. ಹೂಟಗಳ್ಳಿಯಲ್ಲಿ ರಾಗಿ ಬೆಳೆಯುತ್ತಿದ್ದ ಮಾವನವರು ಅಲ್ಲಿ ಮಾಲಿಯಾಗಿ ಸೇರಿದ್ದರಿಂದ ಇವರ ಕೈಗೆ ಬ್ಯಾಟು ಬಂತು. ಆಗ ಸ್ವಾತಂತ್ರ್ಯ ಬಂದ ಹೊಸತು. ಬಿಳಿ ಸಾಹೇಬರು ಹೋಗಿ ನಮ್ಮವರೇ ಸಾಹೇಬರಾಗಿದ್ದರು. ಸೋತರೆ ಇವರಿಗೂ ಸಹಿಸಲಾಗುತ್ತಿರಲಿಲ್ಲ. ಅವರನ್ನು ಗೆಲ್ಲಿಸುತ್ತಿದ್ದರೆ ಇವರ ಕೆಲಸ ಉಳಿಯುತ್ತಿತ್ತು. ಕೆಲಸ ಹೋದರೆ ಕ್ಲಬ್ಬಿನ ಹಿಂದಿನ ನಮ್ಮ ಒಂದು ಕೋಣೆಯ ಮನೆಯೂ ಹೋದಂತೆಯೇ.

೧. ಕಪ್ ಎಲ್ಲಿ?

ಸರಸ್ವತಿಪುರಂನಿಂದ ಚಿಕ್ಕಮ್ಮ ಬಂದಿದ್ದರು. ಗೋಡೆಯನ್ನೆಲ್ಲ ನೋಡಿ, "ಅಳಿಯಂದಿರು ಅಷ್ಟು ಚೆನ್ನಾಗಿ ಆಡ್ತಾರಂತೆ, ಒಂದು ಕಪ್ಪೂ ಇಲ್ವಲ್ಲೇ?" ಅಂದರು.

ನನಗೆ ಮೈ ಉರಿಯಿತು. ಪಂದ್ಯಕ್ಕೆಂದು ಬೇರೆ ಊರಿನಿಂದ ಬಂದವರು ಬೆಳಗ್ಗೆ ಅಭ್ಯಾಸಕ್ಕೆಂದು ಇವರ ಕೈಲಿ ಸೋತು, ಸಂಜೆ ಕಪ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು.

"ಸಂಬಳಕ್ಕೆ ಆಡೋರನ್ನ ಪಂದ್ಯಕ್ಕೆ ಸೇರಿಸೋಲ್ಲ ಚಿಕ್ಕಮ್ಮ."

"ಕ್ಲಬ್ಬಲ್ಲಾದ್ರೂ ಗೆಲ್ತಾರೆ ತಾನೆ?"

"ಅಲ್ಲಿ ಸಾಹೇಬರಿಗೆ ಗೊತ್ತಾಗದ ಹಾಗೆ ಸೋಲ್ಬೇಕು."

ಚಿಕ್ಕಮ್ಮ ಕಾಫಿ ಲೋಟ ಕೆಳಗಿಟ್ಟರು. "ಸೋಲೋಕೆ ಸಂಬಳ ಕೊಡ್ತಾರಾ? ನಿಮ್ಮ ಚಿಕ್ಕಪ್ಪನಿಗೂ ಒಂದು ಜಾಗ ಕೇಳೇ."

೨. ಚೌಕಾಬಾರ

ಕ್ಲಬ್ಬಿನಲ್ಲಿ ಕೈಕಟ್ಟಿ ನಿಲ್ಲುವ ಮನುಷ್ಯ ಹೊಸಿಲು ದಾಟಿದರೆ ಉಗ್ರಾವತಾರ. ಹೊರಗೆ ಸೋತಿದ್ದನ್ನೆಲ್ಲ ಮನೆಯಲ್ಲಿ ವಸೂಲಿ ಮಾಡಬೇಕು. ಒಂದು ಭಾನುವಾರ ಅತ್ತೆಯ ಜೊತೆ ಚೌಕಾಬಾರ ಆಡುತ್ತಿದ್ದರು. ಅತ್ತೆ ಇವರ ಕಾಯಿ ಹೊಡೆದರು. "ಕವಡೆ ಸರಿಯಾಗಿ ಬೀಳಲಿಲ್ಲ, ಇನ್ನೊಂದು ಸಲ ಹಾಕು" ಅಂದರು ಇವರು. ಅತ್ತೆ ಒಪ್ಪಲಿಲ್ಲ. ಇವರು ದಡಕ್ಕನೆ ಎದ್ದು ಒದ್ದೆ ಬಟ್ಟೆ ತಂದು, ನೆಲದ ಮೇಲೆ ಬರೆದಿದ್ದ ಮನೆಗಳನ್ನೆಲ್ಲ ಒರೆಸಿಹಾಕಿದರು.

"ನೆಲ ಕೊಳೆಯಾಗಿತ್ತು" ಅಂದರು.

ಮದುವೆಯಾದ ಮೇಲೆ ಅವರು ನೆಲ ಒರೆಸಿದ್ದು ಅದೊಂದೇ ಸಲ.

೩. ಅತ್ತೆ ಆಟ ನೋಡಿದ್ದು

ಮಗನ ಆಟವನ್ನು ಅತ್ತೆ ಕಂಡವರೇ ಅಲ್ಲ. ಒಂದು ಸಂಜೆ ನನ್ನನ್ನೂ ಎಳೆದುಕೊಂಡು ಬೇಲಿಯ ಪಕ್ಕ ನಿಂತರು. ಕ್ಲಬ್ಬಿನ ಸೆಕ್ರೆಟರಿ ಸಾಹೇಬರು ಹೊಟ್ಟೆ ಹೊತ್ತುಕೊಂಡು ಓಡಾಡುತ್ತಿದ್ದರು, ಇವರು ನಯವಾಗಿ ಸೋಲುತ್ತಿದ್ದರು. ಅತ್ತೆಗೆ ತಡೆಯಲಾಗಲಿಲ್ಲ.

"ಲೋ, ಉಂಡಿಲ್ವೇನೋ? ಬೇಕೂಂತ್ಲೇ ಬಲೆಗೆ ಒಡೀತಿದ್ದೀಯ, ನಂಗೇನು ಕಣ್ಣಿಲ್ವಾ?"

ವರಾಂಡದಲ್ಲಿ ಕೂತಿದ್ದ ಮೆಂಬರುಗಳು ನಕ್ಕರು. ಸಾಹೇಬರ ಮುಖ ಕೆಂಪಾಯಿತು.

"ಇಷ್ಟು ದಿನ ನನಗೆ ಬಿಟ್ಟುಕೊಡ್ತಿದ್ಯೇನಯ್ಯಾ? ಈಗ ನಿಜವಾಗಿ ಆಡು. ಇಲ್ಲದಿದ್ರೆ ನಾಳೆಯಿಂದ ಬರಬೇಡ."

ಸೋತರೂ ಕೆಲಸ ಹೋಯಿತು, ಗೆದ್ದರೂ ಹೋಯಿತು. ಪಾತ್ರೆಪಗಡ ಯಾವ ಬೀದಿಗೆ ಹೊರಬೇಕೋ ಎಂದು ನಾನು ಯೋಚಿಸುತ್ತಿರುವಾಗಲೇ ಇವರು ಬ್ಯಾಟು ಬೀಸಿದರು. ನುಂಗಿಕೊಂಡಿದ್ದ ಸಿಟ್ಟೆಲ್ಲ ಚೆಂಡಿಗೆ ಬಿತ್ತು. ಸಾಹೇಬರಿಗೆ ಒಂದೂ ಸಿಗಲಿಲ್ಲ. ಹೆದರಬೇಕಿದ್ದ ನನಗೆ ಹೊಟ್ಟೆ ತಣ್ಣಗಾಯಿತು.

ಸಾಹೇಬರು ಏದುಸಿರು ಬಿಡುತ್ತ ಬೆಂಚಿನ ಮೇಲೆ ಕುಸಿದರು. ಅತ್ತೆ ಗೇಟು ತಳ್ಳಿಕೊಂಡು ಒಳಗೆ ನುಗ್ಗಿದರು. ಮಗನ ಬೆನ್ನು ತಟ್ಟುತ್ತಾರೆ ಎಂದುಕೊಂಡೆ. ತಲೆಗೇ ಒಂದು ಬಿಟ್ಟರು.

"ವಯಸ್ಸಾದೋರು ಕಣೋ. ಉಸಿರು ಎಂಗೆ ಬುಡ್ತಾವ್ರೆ ನೋಡು. ಒಂದಾದ್ರೂ ಬುಟ್ಟುಕೊಡೋಕೆ ನಿಂಗೇನಾಗಿತ್ತು, ರೋಗ?"

ಸಾಹೇಬರು ಟವೆಲಿನಲ್ಲಿ ಮುಖ ಮುಚ್ಚಿಕೊಂಡರು. ಅದರೊಳಗಿನಿಂದಲೇ ಮಾತು ಬಂತು:

"ನಾಳೆ ಬಾರಯ್ಯ. ಎಂದಿನ ಹಾಗೇ ಆಡು. ನಿಮ್ಮ ತಾಯಿಯವರು ಮಾತ್ರ ಮನೇಲೇ ಇರಲಿ."