ಹೆಂಡ್ತಿ ಹೆಸರಿನ ಬಂದೂಕು

ಮನಿಯಾಗ ಬಂದೂಕು ಇದ್ದರ ಕಳ್ಳರು ಬರೂದಿಲ್ಲ ಅಂತಾರ. ಖರೇ. ಆದರ ಉಳಿದವರೆಲ್ಲಾ ಬರತಾರ. ಬಂದವರು ಒಂದೊಂದು ಮಾತು ಹೇಳಿ ಹೋಗತಾರ.

ಬಂದೂಕು ನಮ್ಮ ಮಾವಂದು. ಚಚಡಿ ಊರಿನವರು. ದೊಡ್ಡ ಲಡಾಯಿ ಮುಗಿದ ಮ್ಯಾಲೆ ಲಿಲಾವಿನ್ಯಾಗ ಸವಾಲು ಕೂಗಿ ತಗೊಂಡಿದ್ರು, ಹೊಲಕ್ಕ ಬರೋ ಹಂದಿ ಓಡಿಸಾಕ. ಸಾಯೋ ಮುಂದ, "ಮಗ ಸಿಟ್ಟಿನವ, ಅಳಿಯ ಅಂಜುಬುರುಕ. ಬಂದೂಕು ಮಗಳ ಹೆಸರಿಗೆ ಇರಲಿ" ಅಂದ್ರು. ಹಿಂಗ ಅದು ದೊಡವಾಡಕ್ಕ, ನಮ್ಮ ಮನಿಗೆ ಬಂತು.

ಬಾಂಗ್ಲಾ ಲಡಾಯಿ ಮುಗಿದ ಮರುವರ್ಷ ಹೆಂಡ್ತಿ ತೀರಿಕೊಂಡಳು. ಲೈಸೆನ್ಸಿನ್ಯಾಗ ಅಕಿ ಹೆಸರು ಉಳೀತು. ಬೈಲಹೊಂಗಲ ಪೊಲೀಸ ಠಾಣೇದ ಫೌಜದಾರರು ಅಂದ್ರು: "ನಿಮ್ಮ ಹೆಸರಿಗೆ ಆಗಬೇಕಂದ್ರ ಇದು ಯಾವ ನಮೂನಿ ಬಂದೂಕು, ಕಿಮ್ಮತ್ತು ಏನು, ತಿಳದವರ ಕಡೆ ಬರಸಿಕೊಂಡು ಬರ್ರಿ. ಇಲ್ಲಂದ್ರ ಸರಕಾರಕ್ಕ ಜಮಾ."

ಅಕಿ ಎಣ್ಣಿ ಹಚ್ಚಿ ಒರಸಿ ಇಟ್ಟದ್ದು. ಜಮಾ ಮಾಡಾಕ ಮನಸ್ಸು ಬರಲಿಲ್ಲ. ತಗೊಂಡು ಹೊಂಟ್ನಿ. ಜೋಡಿ ಅಕಿ ತಮ್ಮ, ನನ್ನ ಮೈದುನನೂ ಬಂದ. ಸಿಟ್ಟಿನವ ಅಂತ ಮಾವ ಅಂದ್ರಲ್ಲ, ಅವನ.

ಕಿತ್ತೂರಿನ ಸುಭೇದಾರರು

ಕಿತ್ತೂರಿನ್ಯಾಗ ಒಬ್ಬ ಮುದುಕ ಸುಭೇದಾರರು. ಬರ್ಮಾದ ಲಡಾಯಿ ಮಾಡಿ ಬಂದವರು. ಬಂದೂಕು ನೋಡಿದ್ದ ತಡ, ಎದಿಗೆ ಒತ್ತಿಕೊಂಡ್ರು.

"ಇಂಥಾದ್ದ ನನ್ನ ಹೆಗಲ ಮ್ಯಾಲೆ ಇತ್ತು ನೋಡ್ರಿ!"

ಕಣ್ಣಾಗ ನೀರು. ಆಮ್ಯಾಲೆ ತಿರುವಿ ನೋಡಿದ್ರು. ಮಾರಿ ಸಣ್ಣದಾತು.

"ಅಲ್ಲ. ಇದಕ್ಕ ತೋಟಾ ತುಂಬೋ ಡಬ್ಬಿನ ಇಲ್ಲ. ನಳಿಗಿ ಒಳಗ ಗೆರಿ ಇಲ್ಲ. ಹಲ್ಲು ಕಿತ್ತಂಗ ಮಾಡ್ಯಾರ. ನನಗ ಗುರ್ತ ಹತ್ತವಲ್ದು."

ಒಳಗಿಂದ ಅವರ ಹೆಂಡ್ತಿ ಚಹಾ ತಂದಳು.

"ಹಲ್ಲು ನಿಮಗೂ ಇಲ್ಲ. ನಾ ಗುರ್ತ ಹಿಡದು ಚಹಾ ಕೊಡಾಕ ಹತ್ತಿಲ್ಲೇನು?"

ಕೌದಿಯೊಳಗಿನ ಕೂಸು

"ರಾಮದುರ್ಗದಾಗ ಬಂದೂಕಿನ ಮಿಸ್ತ್ರಿ ಅದಾನ, ಅವಗ ತೋರಸ್ರಿ" ಅಂದ್ರು ಸುಭೇದಾರರು. ಮಂದಿ ಹೆದರಬಾರದು ಅಂತ ಬಂದೂಕಿಗೆ ಕೌದಿ ಸುತ್ತಿದ್ನಿ. ಫೌಜದಾರರ ಚೀಟಿ ಕಿಸೇದಾಗ ಇತ್ತು.

ಸವದತ್ತಿಯೊಳಗ ಬಸ್ಸು ತುಂಬಿತ್ತು. ನಾ ಕೌದಿ ಅವಚಿಕೊಂಡು ನಿಂತಿದ್ನಿ. ಒಬ್ಬ ಅಜ್ಜಿ ಸರಿದು ಜಾಗಾ ಕೊಟ್ಟಳು.

"ಪಾಪ, ಕೂಸಿಗೆ ಜ್ವರಾ ಏನೋ ತಮ್ಮಾ?"

ನಾ ಕೌದಿ ಇನ್ನಷ್ಟು ಅವಚಿಕೊಂಡು ಕುಂತ್ನಿ. ಮೈದುನ ಕಿಡಕಿ ಕಡೆ ಮಾರಿ ಮಾಡಿ ನಗಾಕ ಹತ್ತಿದ್ದ. ಅಜ್ಜಿ ಕೌದಿ ಮುಟ್ಟಿ ನೋಡಿದ್ಲು.

"ಏನೂ ಉಣ್ಣಸಂಗಿಲ್ಲೇನು? ಬರೇ ಎಲವು ಹತ್ತತಾವಲ್ಲೋ!"

ಅಂತ ಕೌದಿ ಸರಿಸಿದ್ಲು. ನಳಿಗಿ ಹೊರಗ ಬಂತು.

ಆ ಸೀಟು ಖಾಲಿ ಆತು. ಹಿಂದಿಂದೂ ಆತು, ಮುಂದಿಂದೂ ಆತು. ರಾಮದುರ್ಗದ ತನಕ ನಾ ಕಾಲು ಚಾಚಿ ಮಲಗಿ ಹೋದ್ನಿ.

ಮಿಸ್ತ್ರಿಯ ಸೂಜಿ

"ಮಾರ್ಕು ಎಲ್ಲೈತಿ?" ಅಂದ ಮಿಸ್ತ್ರಿ.

ಮಾರ್ಕು ಇರೋ ಜಾಗಾದಾಗ ವಿಭೂತಿ ಇತ್ತು. ದಸರಾದಾಗ ಖಂಡೇ ಪೂಜಿಗೆ ಹೆಂಡ್ತಿ ತಪ್ಪದ ಅಲ್ಲೇ ವಿಭೂತಿ ಬಳೀತಿದ್ಲು, ಮ್ಯಾಲೆ ಕುಂಕುಮ, ಮ್ಯಾಲೆ ಎಣ್ಣಿ. ಮಿಸ್ತ್ರಿ ಸೂಜಿ ಹಿಡದು ಕೆತ್ತಿದ. ಒಂದು ಪದರ ಹೋತು, ಇನ್ನೊಂದು ಬಂತು.

"ಒಳಗ ಬಂದೂಕು ಐತಿ ಹೌದಲ್ಲ, ಯಜಮಾನ್ರ?"

ಕಡೀಕ ಕಿರೀಟದ ಮುದ್ರಿ ಕಂಡತು, ಲಡಾಯಿ ಇಸವಿ ಕಂಡತು.

"ಮಿಲಿಟರಿದು ಖರೇ. ಆಮ್ಯಾಲೆ ನಳಿಗಿ ನುಣ್ಣಗ ಕೊರದು, ಒಂದೊಂದ ತೋಟಾ ಹಾಕೋ ಹಂಗ ಮಾಡ್ಯಾರ. ಪೊಲೀಸರಿಗೆ, ಜೇಲಿನ ಕಾವಲಿನವರಿಗೆ ಇಂಥಾವ ಕೊಡತಿದ್ರು. ಆದರ ಡಬ್ಬಿ ಜಾಗಾದಾಗ ಒಂದು ಕಟಿಗಿ ತುಂಡು ಇರಬೇಕು. ಅದಿದ್ರ ಪೂರಾ ಬಂದೂಕು ಅಂತ ಬರಕೊಡತೇನಿ. ಇಲ್ಲಂದ್ರ ಇದು ಗುಜರಿ. ಜಮಾ ಮಾಡ್ರಿ."

ಕಟಿಗಿ ತುಂಡು

ಮನಿ ಎಲ್ಲಾ ಹುಡುಕಿದ್ವಿ. ಅಟ್ಟ ನೋಡಿದ್ವಿ, ಅಕಿ ಟ್ರಂಕು ನೋಡಿದ್ವಿ, ಕಾಳಿನ ಗಡಿಗಿಯೊಳಗ ಕೈ ಹಾಕಿದ್ವಿ. ಸಿಗಲಿಲ್ಲ. ಸೋತು ಮಂಚದ ಮ್ಯಾಲೆ ಕುಂತ್ನಿ. ಹೋತು ಬಂದೂಕು, ಅಂದುಕೊಂಡ್ನಿ.

ಆ ಮಂಚದ ಒಂದು ಕಾಲು ಗಿಡ್ಡ. ಹೊರಳಿದ್ರ ಗಡಗಡ ಅಂತಿತ್ತು. "ಏನರ ಮಾಡ್ರಿ" ಅಂತ ಅಕಿ ದಿನಾ ಅಂತಿದ್ಲು. "ನಾಳಿ" ಅಂತ ನಾ ದಿನಾ ಅಂತಿದ್ನಿ. ಒಂದಿನ ಸಪ್ಪಳ ತಾನ ನಿಂತಿತ್ತು. "ನೋಡಿದೇನು? ಸುಮ್ಮನ ಬಿಟ್ರ ಎಲ್ಲಾ ಸರಿ ಆಗತೈತಿ" ಅಂತ ಅಕಿಗೇ ಹೇಳಿದ್ನಿ. ಅಕಿ "ಹೌದ್ರಿ" ಅಂದಿದ್ಲು.

ಮೈದುನ ಬಗ್ಗಿ ಮಂಚದ ಕೆಳಗ ನೋಡಿದ. ಗಿಡ್ಡ ಕಾಲಿನ ಬುಡಕ ಕೈ ಹಾಕಿದ.

"ಮಾಮಾ, ಇಷ್ಟ ವರ್ಷ ನಮ್ಮಪ್ಪನ ಬಂದೂಕಿನ ಮ್ಯಾಲೆ ಮಲಗೀರಿ."

ತುಂಡು ಹೊರಗ ತಗದ. ರಾಮದುರ್ಗಕ್ಕ ಒಯ್ದ್ವಿ. ಟಕ್ಕಂತ ಕುಂತತು.

"ಕಿಮ್ಮತ್ತು ಏನಂತ ಬರೀಲಿ?" ಅಂದ ಮಿಸ್ತ್ರಿ.

"ಒಂದು ಮಂಚದ ಕಾಲು ಅಂತ ಬರೀರಿ" ಅಂದ ಮೈದುನ.

ಬಂದೂಕು ನನ್ನ ಹೆಸರಿಗೆ ಆತು. ಗ್ವಾಡಿ ಮೊಳಿಗೆ ತೂಗತೈತಿ. ಮಂಚ ಮತ್ತ ಗಡಗಡ ಅನ್ನಾಕ ಹತ್ತೇತಿ. ಮೊನ್ನೆ ಮೈದುನ ಬಂದಿದ್ದ. ಮಂಚದ ಮ್ಯಾಲೆ ಕುಂತು ಹೌಹಾರಿದ.

"ಮಾಮಾ, ಕಾಲಿನ ಬುಡಕ ಒಂದು ಇಟ್ಟಂಗಿ ತುಂಡರ ಇಡ್ರಿ."

"ನಾಳಿ" ಅಂದ್ನಿ.