ಇಡೇಶಿಯಸ್ ಪ್ರಾಂಶುಪಾಲರು

ಇಂಗ್ಲಿಷ್ ಕಲಿಸುವವರ ಮರ್ಯಾದೆ ಹೋಗಲು ದೊಡ್ಡ ತಪ್ಪೇನೂ ಬೇಕಾಗಿಲ್ಲ, ಒಂದು ಶಬ್ದ ಸಾಕು. ಉಡುಪಿಯ ಕಾಲೇಜಿನಲ್ಲಿ ನನ್ನದು ಇಪ್ಪತ್ತು ವರ್ಷದಿಂದ ಹೀಗೆ ಆಗಾಗ ಹೋಗುತ್ತಲೇ ಉಂಟು.

೧. ಗೌರವದ ರೂಪ

ಒಂದು ಶನಿವಾರ, ಕಾರ್ಕಳದಿಂದ ಬರುವ ಹುಡುಗಿ ತರಗತಿಯಲ್ಲಿ ಎದ್ದು ನಿಂತಳು.

"ಮೇಡಂ, ಇಡೇಶಿಯಸ್ ಎಂದರೆ ಎಂತ?"

ನಾನು ಆ ಶಬ್ದವನ್ನೇ ಕೇಳಿರಲಿಲ್ಲ. ಹಾಗೆಂದು ಹೇಳಲು ಬಾಯಿ ಬರಬೇಕಲ್ಲ! "ಆಡೇಶಿಯಸ್ ಗೊತ್ತುಂಟಲ್ಲ? ಎದೆಗಾರ. ಇದೂ ಅದೇ. ಲ್ಯಾಟಿನ್ ಮೂಲ."

"ಮತ್ತೆ ಅಕ್ಷರ ಬೇರೆ ಯಾಕೆ ಮೇಡಂ?"

"ಇದು ಹಿರಿಯರಿಗೆ. ನಮ್ಮಲ್ಲಿ ಬಹುವಚನ ಇಲ್ಲವಾ, ಹಾಗೆ."

ಎದೆಗಾರಿಕೆ ಎಂದರೇನೆಂದು ಉದಾಹರಣೆ ಸಮೇತ ತೋರಿಸಿದ ಹಾಗಾಯಿತು.

೨. ಕಾಪುವಿನಲ್ಲಿ ಸಂಶೋಧನೆ

ಸಂಜೆ ನಿಘಂಟು ತೆರೆದು ನೋಡಿದೆ. ಲ್ಯಾಟಿನ್‌ನ 'ಎಡೆರೆ', ಅಂದರೆ ತಿನ್ನು. ಅದರಿಂದ ಇಡೇಶಿಯಸ್, ಅಂದರೆ ಹೊಟ್ಟೆಬಾಕ.

ಮರುದಿನ ಗಂಡನ ಜೊತೆ ಕಾಪುವಿನ ಮಾವನ ಮನೆಗೆ ಹೋದವಳು ಸುಮ್ಮನಿರಲಾರದೆ ಹೇಳಿದೆ. ಮಾವ ನಿವೃತ್ತ ಸಂಸ್ಕೃತ ಮಾಷ್ಟ್ರು.

"ಎಡೆರೆಯಾ? ಸಂಸ್ಕೃತದ 'ಅದ್' ಧಾತುವಿಗೂ ತಿನ್ನುವುದೇ ಅರ್ಥ. ಎರಡೂ ಅಣ್ಣತಮ್ಮ!" ಎಂದು ಎದ್ದೇ ನಿಂತರು. "ಅಲ್ಲ, ತಡಿ. ನಾವು ದೇವರಿಗೆ ಎಡೆ ಇಡುವುದಿಲ್ಲವಾ? ಲ್ಯಾಟಿನ್‌ನವರು ಕದ್ದದ್ದು ನಮ್ಮ ಎಡೆಯನ್ನೇ ಮಾರಾಯ್ತಿ!"

ಅಡುಗೆಮನೆಯಿಂದ ಅತ್ತೆ ಕೂಗಿದರು: "ಊಟಕ್ಕೆ ಬನ್ನಿ. ನಿಮ್ಮ ಮಗ ಮೂರನೇ ಸಲ ಬಡಿಸಿಕೊಂಡ. ಇನ್ನು ನಿಮಗೆ ಶಬ್ದ ಮಾತ್ರ ಉಳಿಯುವುದು!"

೩. ಅತಿಥಿ ನಕ್ಕರು

ಹುಡುಗಿಗೆ ತಿದ್ದಿ ಹೇಳಬೇಕೆಂದು ಸೋಮವಾರ ಬೇಗ ಹೋದೆ. ಅಂದು ಕಾಲೇಜಿನ ವಾರ್ಷಿಕೋತ್ಸವ. ಹುಡುಕುವಷ್ಟರಲ್ಲಿ ಅವಳು ಮೈಕಿನ ಮುಂದೆ ಸ್ವಾಗತ ಭಾಷಣ ಮಾಡುತ್ತಿದ್ದಳು.

"ನಮ್ಮ ಇಡೇಶಿಯಸ್ ಪ್ರಾಂಶುಪಾಲರಿಗೆ ಸ್ವಾಗತ!"

ಮುಖ್ಯ ಅತಿಥಿ ಮಣಿಪಾಲದ ವೃದ್ಧ ಡಾಕ್ಟರು. ಕುಡಿಯುತ್ತಿದ್ದ ನೀರು ಅವರ ನೆತ್ತಿಗೇರಿತು. ಪ್ರಾಂಶುಪಾಲರು ಹಿಂದೆ ಕುಳಿತಿದ್ದ ನನ್ನತ್ತ ಬಾಗಿದರು.

"ಎಂತ ಅರ್ಥ ಮೇಡಂ?"

"ಎದೆಗಾರರು ಸರ್," ಎಂದೆ.

ಅವರು ಉಬ್ಬಿಹೋದರು. ಭಾಷಣಕ್ಕೆ ಎದ್ದವರೇ, "ಇದು ನಮ್ಮ ಮನೆತನದ ಗುಣ. ಅಪ್ಪ ನನಗಿಂತಲೂ ಇಡೇಶಿಯಸ್! ಸ್ವಲ್ಪ ಕಡಿಮೆ ಮಾಡಿ ಎಂದು ಹೆಂಡತಿ ಹೇಳುತ್ತಲೇ ಇರುತ್ತಾಳೆ. ನಾನು ಕೇಳುವುದಿಲ್ಲ!" ಎಂದರು. ಡಾಕ್ಟರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು.

ಊಟದ ಹೊತ್ತಿಗೆ ಡಾಕ್ಟರೇ ಬಡಿಸುವವರನ್ನು ಕರೆದರು. "ಸರ್‌ಗೆ ಇನ್ನೂ ನಾಲ್ಕು ಹೋಳಿಗೆ ಹಾಕಿ."

ನಾಲ್ಕನ್ನೂ ಮುಗಿಸಿದ ಪ್ರಾಂಶುಪಾಲರು ನನ್ನ ಕಡೆ ತಿರುಗಿದರು. "ನೋಡಿದಿರಾ ಮೇಡಂ, ಧೈರ್ಯವಂತರೆಂದರೆ ಜನರಿಗೆ ಎಷ್ಟು ಗೌರವ!"