ರುಬಿನಾಳ ಅಪ್ಪನನ್ನು ನಾನು ಒಪ್ಪಿಸಿದ್ದು

ಮನುಷ್ಯನನ್ನು ನೋಡಿದ ಕೂಡಲೇ ಇವನು ಇಂಥವನೇ ಎಂದು ಹೇಳಿಬಿಡುವ ವಿದ್ಯೆ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ನನಗೂ ಬಂದಿದೆ, ಸಾಲದ್ದಕ್ಕೆ ಸರಕಾರ ನನ್ನ ಕೈಗೆ ಒಂದು ಸೀಟಿಯನ್ನೂ ಕೊಟ್ಟಿದೆ. ಕುಡಚಿಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮಾಸ್ತರ. ಇಪ್ಪತ್ತು ವರ್ಷಗಳಿಂದ, ಮಕ್ಕಳು ಓಡುವ ಮೊದಲೇ ಅವರ ಮನೆತನದ ಹೆಸರು ಕೇಳಿ ಆಟ ಹಂಚುತ್ತ ಬಂದಿದ್ದೇನೆ. ಕಬ್ಬಿನ ಹೊಲದವರ ಮಕ್ಕಳು ಕಬಡ್ಡಿಗೆ, ಅಂಗಡಿಕಾರರ ಮಕ್ಕಳು ಚೆಸ್ಸಿಗೆ, ಕುರಿ ಕಾಯುವವರ ಮಕ್ಕಳು ದೂರದ ಓಟಕ್ಕೆ. ನನ್ನ ಮಾಸ್ತರರೂ ಹೀಗೆಯೇ, ದ್ರಾಕ್ಷಿ ತೋಟದವನ ಮಗನೆಂದು ನನ್ನನ್ನು ಕಬಡ್ಡಿಗೆ ನೂಕಿದ್ದರು. ಮೊದಲ ದಿನವೇ ಮೊಣಕಾಲು ಹೋಯಿತು. ಆದರೆ ಈ ಪದ್ಧತಿಯ ಮೇಲಿನ ಗೌರವ ಹೋಗಲಿಲ್ಲ.

ನನ್ನ ಪಟ್ಟಿಯಲ್ಲಿ ಮುಸ್ಲಿಂ ಹುಡುಗಿಯರಿಗೆ ಯಾವ ಆಟವೂ ಇರಲಿಲ್ಲ. ದ್ವೇಷದಿಂದಲ್ಲ, ದೇವರಾಣೆ. ಪಾಪ, ಅವರ ಮನೆಯಲ್ಲಿ ಬಿಡುವುದಿಲ್ಲ ಎಂಬ ಮರುಕದಿಂದ. ಮರುಕದಲ್ಲಿ ಒಂದು ಅನುಕೂಲವಿದೆ, ಯಾರನ್ನೂ ಕೇಳಬೇಕಾಗುವುದಿಲ್ಲ.

ಹೋದ ವರ್ಷ ಒಂದು ನಾಯಿ ನನ್ನ ಎಡಗಾಲಿನ ಬೂಟು ಕಚ್ಚಿಕೊಂಡು ಮೈದಾನದಲ್ಲಿ ಓಡಿತು. ನನ್ನ ಖೋ-ಖೋ ತಂಡದ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಗುತ್ತ ನಿಂತರು. ಅಷ್ಟರಲ್ಲಿ ಹತ್ತನೆಯ ತರಗತಿಯ ರುಬಿನಾ ನಳದ ಕಡೆಯಿಂದ ಬಾಣದಂತೆ ಬಂದಳು. ನಾಯಿ ಎಡಕ್ಕೆ ಹೊರಳಿದರೆ ಎಡಕ್ಕೆ, ಬಲಕ್ಕೆ ಹೊರಳಿದರೆ ಬಲಕ್ಕೆ. ಅರ್ಧ ನಿಮಿಷದಲ್ಲಿ ಬೂಟು ತಂದು ನನ್ನ ಮುಂದಿಟ್ಟು, ಏನೂ ಆಗಿಲ್ಲವೆಂಬಂತೆ ದುಪಟ್ಟಾ ಸರಿಮಾಡಿಕೊಂಡು ಹೋದಳು. ತಾಲೂಕು ಪಂದ್ಯಕ್ಕೆ ಹತ್ತು ದಿನ ಉಳಿದಿದ್ದವು.

ಆ ಸಂಜೆಯೇ ಅವಳ ಅಪ್ಪ ದಸ್ತಗೀರನ ಅಂಗಡಿಗೆ ಹೋದೆ. ಪಂಪ್‌ಸೆಟ್ಟಿನ ಮೋಟಾರು ವೈಂಡಿಂಗ್ ಮಾಡುವ ಅಂಗಡಿ. ಹೆಣ್ಣುಮಕ್ಕಳ ಪ್ರಗತಿ, ದೇಶದ ಕೀರ್ತಿ ಎಂದೆಲ್ಲ ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದನ್ನು ಉಸಿರು ಬಿಡದೆ ಒಪ್ಪಿಸಿದೆ. ಅವನು ಕೈಯ ಎಣ್ಣೆ ಒರೆಸಿಕೊಳ್ಳುತ್ತ ಪೂರ್ತಿ ಕೇಳಿದ.

“ನಾ ಬ್ಯಾಡ ಅಂದೇನಿ ಅಂತ ನಿಮಗ ಯಾರ ಹೇಳಿದ್ರು ಸರ್?”

“ಹಂಗಲ್ಲ ದಸ್ತಗೀರ್‌ಭಾಯ್, ನೀವು ಬ್ಯಾಡ ಅಂತೀರಿ ಅಂತ...”

“ಕೇಳಿದ್ರ ಅಲ್ಲೇನ್ರಿ, ಬ್ಯಾಡ ಅನ್ನೂದು? ಎಂಟನೇ ಕ್ಲಾಸಿನ್ಯಾಗ ಇದ್ದಾಗ ಆಕಿಗೆ ಬೂಟ ಕೊಡಿಸಿದ್ನಿ. ದಿನಾ ಚೀಲದಾಗ ಹಾಕ್ಕೊಂಡ ಸಾಲಿಗಿ ಹೋಗ್ತಿದ್ಲು. ‘ಅಬ್ಬಾಜಾನ್, ಸರ್ ಇವತ್ತೂ ಕರೀಲಿಲ್ಲ’ ಅಂತ ಸಂಜೀಕ ಬಂದು ಹೇಳ್ತಿದ್ಲು. ಈಗ ಆ ಬೂಟ ಆಕಿ ಕಾಲಿಗಿ ಹಿಡಿಯಂಗಿಲ್ರಿ.” ಇಷ್ಟು ಹೇಳಿ, ಸಿಟ್ಟಿಲ್ಲದೆ, “ಚಾ ತಗೊಳ್ರಿ” ಎಂದ. ಬೈದಿದ್ದರೆ ಚಹಾ ಗಂಟಲಲ್ಲಿ ಇಳಿಯುತ್ತಿತ್ತು.

ರಾಯಬಾಗದ ತಾಲೂಕು ಪಂದ್ಯದಲ್ಲಿ ಗೆದ್ದೆವು. ಚಿಕ್ಕೋಡಿಯ ಜಿಲ್ಲಾ ಪಂದ್ಯದಲ್ಲೂ ಗೆದ್ದೆವು. ಎದುರಾಳಿಗಳು ಬೆನ್ನಟ್ಟಿ ಬೆನ್ನಟ್ಟಿ ಸುಸ್ತಾದರೂ ರುಬಿನಾ ಸಿಗಲಿಲ್ಲ. ಆಟ ಮುಗಿದ ಮೇಲೆ ಕ್ರೀಡಾ ವಸತಿಶಾಲೆಗೆ ಮಕ್ಕಳನ್ನು ಆರಿಸಲು ಬಂದಿದ್ದ ಕೋಚ್ ಅವಳ ಜನ್ಮದಿನಾಂಕ ನೋಡಿ ಹಣೆ ಹಣೆ ಬಡಿದುಕೊಂಡರು.

“ಎರಡ ವರ್ಷ ಎಲ್ಲಿ ಮುಚ್ಚಿಟ್ಟಿದ್ರಿ ಈಕಿನ್ನ? ವಯಸ್ಸು ದಾಟೇತಲ್ರಿ! ಮನ್ಯಾಗ ಬಿಟ್ಟಿರಲಿಕ್ಕಿಲ್ಲ, ಹೌದಲ್ರಿ?”

ನಾನು ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ತಿಳಿಯದಂತೆ ಆಡಿಸಬೇಕೆಂದಿದ್ದೆ, ಹೌದೆಂದೇ ಆಡಿತು. ಎರಡು ಮಾರು ದೂರದಲ್ಲಿ ಲೇಸು ಬಿಚ್ಚುತ್ತಿದ್ದ ರುಬಿನಾ ಮುಖವೆತ್ತಿ ನನ್ನನ್ನು ನೋಡಿದಳು. ಮತ್ತೆ ಲೇಸು ಬಿಚ್ಚತೊಡಗಿದಳು.

ಶಾಲೆಯಲ್ಲಿ ಸತ್ಕಾರ ಸಮಾರಂಭವಾಯಿತು. ಸನ್ಮಾನ ನನಗೆ. “ಕಟ್ಟಾ ಸಂಪ್ರದಾಯಸ್ಥ ಮನೆತನದ ತಂದೆಯ ಮನವೊಲಿಸಿ ಹೆಣ್ಣುಮಗಳನ್ನು ಮೈದಾನಕ್ಕೆ ತಂದ ಧೀರ” ಎಂದು ಹೆಡ್‌ಮಾಸ್ತರರು ಶಾಲು ಹೊದಿಸಿದರು. ಆ ಕಟ್ಟಾ ತಂದೆ ಮೂರನೆಯ ಸಾಲಿನಲ್ಲಿ ಕುಳಿತು ಎಲ್ಲರೊಂದಿಗೆ ಚಪ್ಪಾಳೆ ತಟ್ಟಿದ. ನಿಜ ಹೇಳಬೇಕೆಂದೇ ನಾನು ಮೈಕಿನ ಮುಂದೆ ನಿಂತೆ. ಬಾಯಿಂದ ಬಂದದ್ದು, “ಎಲ್ಲಾ ನಿಮ್ಮ ಆಶೀರ್ವಾದ.”

ಆಮೇಲೆ ಹೆಡ್‌ಮಾಸ್ತರರು ರುಬಿನಾಳನ್ನು ಕೇಳಿದರು: “ಎಲ್ಲಕ್ಕಿಂತ ದೊಡ್ಡ ಅಡಚಣಿ ಏನಿತ್ತವಾ?”

“ಮನ್ಯಾಗ ಏನೂ ಇರಲಿಲ್ರಿ ಸರ್. ಅಡಚಣಿ ಸಾಲ್ಯಾಗಿತ್ತು.”

ನಾನು ಶಾಲು ಸರಿಮಾಡಿಕೊಂಡೆ. ಹೆಡ್‌ಮಾಸ್ತರರು ಗಂಭೀರವಾಗಿ ತಲೆದೂಗಿ, “ಖರೇ ಐತಿ. ಮೈದಾನದಾಗ ಕಲ್ಲ ಭಾಳ ಅದಾವ, ಆರಿಸಿ ತಗಸೋಣು” ಎಂದರು. ಮತ್ತೆ ಚಪ್ಪಾಳೆ.

ಮೊನ್ನೆ ಅಥಣಿ ಕಡೆಯ ಒಂದು ಶಾಲೆಯವರು ಫೋನು ಮಾಡಿದ್ದರು. ಇಂಥ ಪಾಲಕರ ಮನಸ್ಸು ತಿರುಗಿಸುವುದು ಹೇಗೆಂದು ಅಲ್ಲಿಯ ಮಾಸ್ತರರಿಗೆ ನಾನು ಉಪನ್ಯಾಸ ಕೊಡಬೇಕಂತೆ. ಒಪ್ಪಿಕೊಂಡಿದ್ದೇನೆ. ಈ ಸಲವಾದರೂ ನಡೆದದ್ದನ್ನು ನಡೆದಂತೆ ಹೇಳಿಬಿಡೋಣವೆಂದು ಬರೆಯಲು ಕುಳಿತರೆ, ಅದು ಎರಡೇ ಸಾಲಿಗೆ ಮುಗಿದುಹೋಗುತ್ತದೆ. ಅವರು ಕೇಳಿರುವುದು ಒಂದು ತಾಸಿನ ಭಾಷಣ.